ಇನ್ನೂರ ಐವತ್ತನೆಯವನು

ಗುಮಾಸ್ತ ಬಾಗಿಲಿಗೆ ಬಂದು ನಿಂತಾಗ ಒಳಗೆ ಒಂದು ಬಕೆಟ್ಟಿನ ವಿಷಯಕ್ಕೆ ಜಗಳ ನಡೆಯುತ್ತಿತ್ತು. ಬಟ್ಟೆ ನೆನೆಸುವ ಬಕೆಟ್ಟಿನಲ್ಲಿ ಮೈದುನ ಡೀಸೆಲ್ ತಂದಿದ್ದ. ಅತ್ತೆ ನೋಡದೆ ಅದರಲ್ಲೇ ಬಟ್ಟೆ ಹಾಕಿದ್ದರು. ಈಗ ಮಾವನ ಇದ್ದೆರಡು ಅಂಗಿಗಳೂ ಎಂಜಿನ್ನಿನ ವಾಸನೆ ಹೊಡೆಯುತ್ತಿದ್ದವು.

“ಇರಲಿ ಬಿಡಮ್ಮ. ಅಪ್ಪ ದೋಣಿ ಹತ್ತಿ ಹತ್ತು ವರ್ಷ ಆಯ್ತು. ವಾಸನೆಯಾದ್ರೂ ಬರ್ಲಿ,” ಅಂದ ಮೈದುನ.

“ನಿನ್ನ ಬಾಯಿಗಿಷ್ಟು ಡೀಸೆಲ್ ಹುಯ್ಯ,” ಅಂದರು ಅತ್ತೆ.

ಸೊಸೆ ಆಗಷ್ಟೇ ದಕ್ಕೆಯಿಂದ ಬಂದು, ಮೊಣಕೈವರೆಗೂ ಅಂಟಿದ್ದ ಮೀನಿನ ಪೊರೆ ಉಜ್ಜಿ ತೊಳೆಯುತ್ತಿದ್ದಳು. ದೋಣಿಗಳು ಬಂದು ನಿಲ್ಲುವ ದಕ್ಕೆಯ ಮೇಲೆ ಮೀನು ತೂಗುವುದು ಅವಳ ಕೆಲಸ. ಆರು ವರ್ಷ ಆ ತಕ್ಕಡಿಯ ಮುಂದೆ ನಿಂತೂ ನಿಂತೂ ಊರಿನವರ ಬಾಯಲ್ಲಿ ಅವಳ ಹೆಸರೇ ‘ತಕ್ಕಡಿ’ ಆಗಿಹೋಗಿತ್ತು. ಸ್ವಂತ ಮೈದುನನ ಬುಟ್ಟಿಯಾದರೂ ಅಷ್ಟೇ, ಮುಖ ಕಂಡರಾಗದವನ ಬುಟ್ಟಿಯಾದರೂ ಅಷ್ಟೇ. ಮುಳ್ಳು ಎಲ್ಲಿ ನಿಂತಿತೋ ಅದನ್ನೇ ಕೂಗುತ್ತಿದ್ದಳು.

ಗುಮಾಸ್ತ ಹುಡುಕಿಕೊಂಡು ಬಂದದ್ದೂ ಅದಕ್ಕೇ. “ಜನಗಣತಿ ಬಂದಿದೆಯಮ್ಮ. ಊರಿನವರೇ ಒಬ್ಬರು ಓದುಬರಹ ಬಲ್ಲವರು ಬೇಕು. ಮೀನುಗಾರರ ಸಂಘದಲ್ಲಿ ಕೇಳಿದೆ. ‘ತಕ್ಕಡಿಗೆ ಕೊಡಿ, ಅವಳಾದ್ರೆ ಒಂದು ತಲೆ ಹೆಚ್ಚೂ ಬರೆಯಲ್ಲ, ಕಡಿಮೆನೂ ಬರೆಯಲ್ಲ’ ಅಂದ್ರು.”

ಕೆಲಸ ಸುಲಭದ್ದೇ. ಎಪ್ಪತ್ತೆಂಟು ಮನೆ, ಐದು ವಾರ. ಮನೆಗೊಂದು ಹಾಳೆ. ಮನೆಯ ಹಿರಿಯರು ಏನು ಹೇಳುತ್ತಾರೋ ಅದನ್ನು ಬರೆದು ಅವರ ಸಹಿ ಹಾಕಿಸಬೇಕು, ಅಷ್ಟೆ. ಕೊನೆಗೆ ಒಂದು ಬೇರೆ ಹಾಳೆ. ಅದರ ತಲೆಯ ಮೇಲೆ ‘ಊರಿನ ಇತಿಹಾಸ ಮತ್ತು ಜನಸಂಖ್ಯೆ’ ಎಂದಿತ್ತು. ಇತಿಹಾಸಕ್ಕೆ ಹತ್ತು ಗೆರೆ, ಜನಸಂಖ್ಯೆಗೆ ಒಂದು ಚೌಕ.

“ಈ ಸಲ ಮಾತ್ರ ಸ್ವಲ್ಪ ಹುಷಾರು,” ಅಂದ ಗುಮಾಸ್ತ, ಯಾರೂ ಕೂರಿ ಎನ್ನದಿದ್ದರೂ ಮೆಟ್ಟಿಲ ಮೇಲೆ ಕೂತು. “ಇನ್ನೂರ ಐವತ್ತಕ್ಕಿಂತ ಕಡಿಮೆ ಜನ ಇರೋ ಊರಿಗೆ ಇನ್ಮೇಲೆ ಹೂಳೆತ್ತೋ ಯಂತ್ರ ಕಳಿಸಲ್ಲವಂತೆ.”

ಮೈದುನ ತಿರುಗಿ ನೋಡಿದ. ನದಿ ಕಡಲು ಸೇರುವ ಅಳಿವೆಯಲ್ಲಿ ವರ್ಷ ವರ್ಷವೂ ಹೂಳು ತುಂಬುತ್ತದೆ. ವರ್ಷಕ್ಕೊಂದು ಸಲ ಯಂತ್ರ ಬಂದು ಎತ್ತದಿದ್ದರೆ ದೋಣಿ ಹೊರಬೀಳುವುದಿಲ್ಲ. ಈಗಲೇ ಅವನು ಉಬ್ಬರ ಬರುವವರೆಗೆ ಕಾದು, ದೋಣಿಯ ತಳ ಉಜ್ಜಿಸಿಕೊಂಡು ಹೋಗುತ್ತಿದ್ದ.

“ಹೋದ ಸಲ ಎಷ್ಟಿತ್ತು ಸಾರ್?”

“ಇನ್ನೂರ ಎಂಬತ್ತೊಂದು.”

“ಸದ್ಯ!” ಅಂದ ಮೈದುನ.

“ಬನ್ನಿ, ಮಾದರಿಗೆ ನಿಮ್ಮನೆಯದನ್ನೇ ಮೊದಲು ಬರೆಯೋಣ. ಹಿರಿಯರು ಯಾರು?”

“ಮನೆ ಅವಳ ಹೆಸರಲ್ಲಿದೆ,” ಎಂದು ಮಾವ ಜಗುಲಿಯಿಂದಲೇ ಅತ್ತೆಯ ಕಡೆ ಗದ್ದ ತೋರಿಸಿದರು.

“ಎಷ್ಟು ಜನ ಇದ್ದೀರಮ್ಮ?”

“ಆರು,” ಅಂದರು ಅತ್ತೆ. “ನಾವಿಬ್ಬರು, ಇವನು, ಸೊಸೆ, ಮೊಮ್ಮಗಳು. ದೊಡ್ಡ ಮಗ ನೀರ ಮೇಲಿದ್ದಾನೆ.”

“ಓಹೋ. ಯಾವಾಗ ಬರ್ತಾರೆ?”

ಮೈದುನ ಬಕೆಟ್ಟು ಎತ್ತಿಕೊಂಡು ಹಿತ್ತಲಿಗೆ ನಡೆದ. ಮಾವ ಬಲೆಯ ತೂತಿಗೆ ಮುಖ ಹಾಕಿದರು. ಸೊಸೆ ಕೈ ಒರೆಸಿಕೊಳ್ಳುತ್ತ ಬಂದು ಗುಮಾಸ್ತನ ಕೈಯಿಂದ ಹಾಳೆ ತೆಗೆದುಕೊಂಡಳು. “ನಮ್ಮನೇದು ಕೊನೆಗೆ ಬರ್ಕೋತೀನಿ ಸಾರ್.”

ಆ ಊರಿನ ಮಾತೇ ಹಾಗೆ. ಕಡಲಿಗೆ ಹೋದವನನ್ನು ಕಡಲಿಗೆ ಹೋದ ಎನ್ನುವುದಿಲ್ಲ, ನೀರ ಮೇಲಿದ್ದಾನೆ ಎನ್ನುತ್ತಾರೆ. ಬೆಳಿಗ್ಗೆ ಹೋಗಿ ಮಧ್ಯಾಹ್ನ ಬರುವವನೂ ನೀರ ಮೇಲೆ, ಹತ್ತು ದಿನ ಬಿಟ್ಟು ಬರುವವನೂ ನೀರ ಮೇಲೆ. ಬರದೇ ಹೋದವನೂ ನೀರ ಮೇಲೆಯೇ. ಹೆಣ ಸಿಕ್ಕರೆ ಅಳಬಹುದು, ಹೂಳಬಹುದು. ಸಿಗದವನನ್ನು ‘ಸತ್ತ’ ಎಂದು ಬಾಯಿಬಿಟ್ಟು ಅಂದವರೇ ಮುಳುಗಿಸಿದ ಹಾಗೆ. ಹೆತ್ತವರಾಗಲಿ ಕಟ್ಟಿಕೊಂಡವರಾಗಲಿ, ಆ ಪಾಪ ಯಾರಿಗೆ ಬೇಕು? ಮೂರು ವರ್ಷದ ಕೆಳಗೆ ಅವಳ ಗಂಡ ಒಬ್ಬನೇ ಸಣ್ಣ ದೋಣಿಯಲ್ಲಿ ಏಡಿ ಬುಟ್ಟಿ ಎತ್ತಲು ಹೋದ. ದೋಣಿ ಮಗುಚಿಕೊಂಡು ಸಿಕ್ಕಿತು. ಅವನು ಸಿಗಲಿಲ್ಲ.

ಇತಿಹಾಸದ ಹತ್ತು ಗೆರೆ ಮೊದಲು ಮುಗಿಸಿಬಿಡೋಣ ಎಂದು ಮರುದಿನ ಸಂಜೆ ಅವಳು ಮಾವನ ಪಕ್ಕ ಕೂತಳು. ಊರಿಗೆಲ್ಲ ಬಲೆ ಹೊಲಿಯುವವರು ಅವರು, ಊರಿನ ಕಥೆ ಅವರನ್ನು ಬಿಟ್ಟರೆ ಇನ್ಯಾರಿಗೆ ಗೊತ್ತು?

“ಬರಿ,” ಅಂದರು ಮಾವ, ಹಲ್ಲಿನಲ್ಲಿ ದಾರ ಕಚ್ಚಿಕೊಂಡು. “ಮೊದಲು ಬಂದಿದ್ದು ಮೂರು ದೋಣಿ.”

“ಎಲ್ಲಿಂದ ಮಾವ?”

“ಎಲ್ಲಿಂದ ಅಂತ ಯಾರೂ ಹೇಳಿಲ್ಲ. ಅಂದ್ಮೇಲೆ ಒಳ್ಳೆ ಕೆಲಸ ಮಾಡಿ ಬಂದೋರಲ್ಲ.”

“ಅದನ್ನೂ ಬರೀಲಾ?”

“ಬೇಡ, ಬೇಡ. ‘ದೂರದಿಂದ’ ಅಂತ ಬರಿ. ದೂರದಿಂದ ಬಂದೋರೆಲ್ಲ ಮರ್ಯಾದಸ್ಥರೇ.”

ಮೂರು ದೋಣಿಯ ಜನ ಅಳಿವೆಯ ಬಾಯಲ್ಲಿ ಸಿಹಿನೀರು ಕಂಡು ಇಳಿದದ್ದು, ಮೊದಲ ವರ್ಷ ದೋಣಿಗಳನ್ನೇ ಬೋರಲು ಹಾಕಿ ಕೆಳಗೆ ಮಲಗಿದ್ದು, ಹೆಂಗಸರು ಉಪ್ಪು ಕಾಯಿಸಿ ಮಾರಿದ್ದು. ಮಾವ ಹೇಳುತ್ತ ಹೋದರು, ಅವಳು ಬರೆಯುತ್ತ ಹೋದಳು.

“ಹತ್ತು ಗೆರೆ ಆಯ್ತು ಮಾವ.”

“ಅಯ್ಯೋ, ಇನ್ನೂ ನಮ್ಮಪ್ಪನೇ ಹುಟ್ಟಿಲ್ಲ ಕಣಮ್ಮ!”

ಬರೆಯಲು ಜಾಗವಿಲ್ಲದಿದ್ದರೂ ಅವರು ನಿಲ್ಲಿಸಲಿಲ್ಲ. ಅವರು ಚಿಕ್ಕವರಿದ್ದಾಗ ಊರಲ್ಲಿ ಒಂಬೈನೂರು ಜನ, ನಲವತ್ತು ದೋಣಿ. ಮಂಜುಗಡ್ಡೆ ಕಾರ್ಖಾನೆಯ ಕೂಗು ಕೇಳಿ ಜನ ಏಳುತ್ತಿದ್ದರು. ಶಾಲೆಯಲ್ಲಿ ಕೂರಲು ಜಾಗ ಸಾಲದೆ ಅರ್ಧ ಮಕ್ಕಳು ಬೆಳಿಗ್ಗೆ, ಅರ್ಧ ಮಕ್ಕಳು ಮಧ್ಯಾಹ್ನ. ಆಮೇಲೆ ಬೇರೆ ಕಡೆಯ ದೊಡ್ಡ ದೋಣಿಗಳು ಬಂದು ಮರಿಮೀನು ಸಮೇತ ಬಾಚಿಕೊಂಡು ಹೋದವು. ಹೊಳೆ ಹೂಳು ತಂದಿತು. ಕಾರ್ಖಾನೆ ಮುಚ್ಚಿತು. ವಯಸ್ಸಿನವರು ಒಬ್ಬೊಬ್ಬರಾಗಿ ಪಟ್ಟಣದ ಬಸ್ಸು ಹತ್ತಿದರು.

“ಪಟ್ಟಣ ಅಂದ್ರಲ್ಲ ಮಾವ,” ಎಂದು ಅವಳು ಮೆಲ್ಲಗೆ ತೆಗೆದಳು. “ಅಲ್ಲಿ ಮೀನಿನ ಶೈತ್ಯಾಗಾರದಲ್ಲಿ ನಾನು ಹೇಳಿದ್ದ ಕೆಲಸ ಇನ್ನೂ ಖಾಲಿ ಇದೆಯಂತೆ. ಇರೋಕೆ ಕೋಣೆನೂ ಕೊಡ್ತಾರೆ. ಗಂಡನ ಮರಣಪತ್ರ ಕೊಟ್ಟರೆ ಸಾಕು, ಮೀನುಗಾರರ ವಿಧವೆಯರಿಗೇ ಮೀಸಲು. ಗಣತಿ ಹಾಳೆಯಲ್ಲಿ ಹಿರಿಯರು ಸಹಿ ಹಾಕಿ ಹೇಳಿದ್ರೆ ಅದರ ಮೇಲೆಯೇ ಪತ್ರ ಮಾಡಿಕೊಡ್ತೀನಿ ಅಂದ್ರು ಗುಮಾಸ್ತರು.”

“ನೋಡೋಣ,” ಅಂದರು ಮಾವ. “ಬಲೆ ಒಣಗಲಿ.”

ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ.

ಎರಡನೆಯ ವಾರ ಅವಳು ದಕ್ಕೆಯ ಕೆಲಸ ಮುಗಿಸಿ ಹಾಳೆಗಳನ್ನು ಬಗಲಲ್ಲಿಟ್ಟುಕೊಂಡು ಮನೆ ಮನೆ ಹತ್ತಿದಳು. ನೋಡಿದರೆ ಎಷ್ಟೋ ಮನೆಗಳದು ಒಂದೇ ರಾಗ. “ನಾಲ್ಕು ಜನ, ಒಬ್ಬ ನೀರ ಮೇಲೆ.” “ಇಬ್ಬರು, ನಮ್ಮೆಜಮಾನರು ನೀರ ಮೇಲೆ.”

ಒಣಮೀನು ಮಾರುವ ಅಕ್ಕನ ಮನೆಯಲ್ಲಿ ಅವಳು ಬಾಯಿತಪ್ಪಿ ಕೇಳಿಬಿಟ್ಟಳು. “ಯಾವಾಗಿಂದ ಅಕ್ಕ?”

“ಹತ್ತೊಂಬತ್ತು ವರ್ಷ ಆಗುತ್ತೆ,” ಅಂದಳು ಅಕ್ಕ ಮೀನು ಮಗುಚುತ್ತ. ಆಮೇಲೆ ತಲೆ ಎತ್ತಿ ಸೊಸೆಯ ಕಣ್ಣಲ್ಲಿ ಕಣ್ಣಿಟ್ಟಳು. “ಯಾಕೆ? ನಿನ್ನವನು ಯಾವಾಗ ಬರ್ತಾನಂತೆ?”

ಹಾಳೆಯಲ್ಲಿ ‘ಕೆಲಸದ ಮೇಲೆ ಹೊರಗೆ’ ಎಂಬ ಒಂದು ಕಲಂ ಇತ್ತು. ಹಿಂದೆ ಗಣತಿಗೆ ಬಂದವರೆಲ್ಲ ಹೊರಗಿನವರು. ‘ನೀರ ಮೇಲೆ’ ಎಂದರೆ ಅದಕ್ಕೇ ಒಂದು ಗೀಟು ಹಾಕಿಕೊಂಡು ಹೋಗಿದ್ದರು. ಸುಳ್ಳು ಹೇಳಿದವರೂ ಇಲ್ಲ, ಸುಳ್ಳು ಬರೆದವರೂ ಇಲ್ಲ. ಹಾಗೆ ಹತ್ತತ್ತು ವರ್ಷಕ್ಕೊಮ್ಮೆ ಬರದವರೆಲ್ಲ ಲೆಕ್ಕದಲ್ಲಿ ಊರಿಗೆ ಬಂದುಹೋಗುತ್ತಿದ್ದರು. ಅವಳೂ ಗೀಟು ಹಾಕಿದಳು. ಮನೆಯವರು ಹೇಳಿದ್ದನ್ನೇ ಬರೆಯಬೇಕೆಂದಲ್ಲವೇ ನಿಯಮ? ಆದರೂ ಪ್ರತಿ ಗೀಟಿಗೂ, ತಕ್ಕಡಿಯ ತಟ್ಟೆಗೆ ಬೆರಳು ಒತ್ತಿದ ಹಾಗೆ ಅನ್ನಿಸುತ್ತಿತ್ತು.

ಮೂರನೆಯ ವಾರ ಒಂದು ಮಧ್ಯಾಹ್ನ ಗಂಜಿ ಬಡಿಸುವಾಗ ಮನೆಯಲ್ಲಿ ಮಾತು ಸಿಡಿಯಿತು. ಶುರುಮಾಡಿದ್ದು ಒಂಬತ್ತು ವರ್ಷದ ಮೊಮ್ಮಗಳು. ಹುಟ್ಟುವಾಗ ಬೊಗಸೆಯಷ್ಟೇ ಇದ್ದಳೆಂದು ಎಲ್ಲರೂ ಅವಳನ್ನು ಕರೆಯುತ್ತಿದ್ದುದು ‘ಸಿಗಡಿ’ ಎಂದು.

“ಅಮ್ಮ, ಮೇಷ್ಟ್ರು ಮತ್ತೆ ಕೇಳಿದ್ರು. ಅಪ್ಪನ ಸಹಿ ಎಲ್ಲಿ ಅಂತ.”

“ಯಾವ ಸಹಿ?” ಅಂದರು ಅತ್ತೆ.

ಸೊಸೆ ಸೌಟು ಕೆಳಗಿಟ್ಟಳು. “ಪಟ್ಟಣದ ಶಾಲೆ ಅರ್ಜಿದು ಅತ್ತೆ. ತಂದೆ ಸಹಿ ಇಲ್ಲದೆ ತಗೊಳಲ್ಲಂತೆ. ‘ನೀರ ಮೇಲಿದ್ದಾರೆ’ ಅಂದೆ. ‘ಹಾಗಾದ್ರೆ ಬಂದ್ಮೇಲೆ ಹಾಕಿಸ್ಕೊಂಡು ಬನ್ನಿ’ ಅಂದ್ರು.”

ಮೈದುನನಿಗೆ ತಡೆಯಲಾರದೆ ನಗು ಬಂದು ಗಂಜಿ ನೆತ್ತಿಗೇರಿತು. ಅತ್ತೆಯ ಮುಖ ನೋಡಿ ಅಲ್ಲೇ ಕೆಮ್ಮಿ ನುಂಗಿಕೊಂಡ.

“ಪಟ್ಟಣದ ಶಾಲೆ ಯಾಕೆ?” ಅಂದರು ಅತ್ತೆ. “ಇಲ್ಲೇನು ಮೇಷ್ಟ್ರು ಸತ್ತಿದ್ದಾರಾ?”

“ಇಲ್ಲಿ ಐದನೇ ತರಗತಿ ತನಕ ಅಷ್ಟೇ.”

“ತಿರುಗಿಸಿ ಮುರುಗಿಸಿ ಮಾತಾಡಬೇಡ. ಕೋಣೆ ಕೊಡ್ತಾರಂತಲ್ಲ ಅಲ್ಲಿ? ಎಲ್ಲಾ ಕೇಳಿಸ್ಕೊಂಡಿದ್ದೀನಿ. ಗೋಡೆ ಆ ಕಡೆ ಕೂತ್ರೆ ಕಿವುಡಿಯಾಗಲ್ಲ ನಾನು. ನಿನಗೊಂದು ಕೆಲಸ ಬೇಕು. ಅದಕ್ಕೆ ನನ್ನ ಮಗ ಸಾಯಬೇಕು!”

“ನಾನು ಸಾಯಿಸ್ತಾ ಇಲ್ಲ ಅತ್ತೆ.”

“ಮತ್ತೆ ಯಾರು? ನಾನು ಹೇಳಬೇಕಾ? ಹೆತ್ತ ಬಾಯಲ್ಲಿ?”

“ಮೂರು ವರ್ಷ ಆಯ್ತು. ಮದುವೆ ಮನೆಗೆ ಹೋದ್ರೆ ಎಲ್ಲಿ ಕೂರಬೇಕು ಅಂತ ಗೊತ್ತಾಗಲ್ಲ ನನಗೆ. ಗಂಡ ಇದ್ದೋರು ಸರಿದು ಕೂರ್ತಾರೆ. ಇಲ್ಲದೋರು ‘ನಿನಗೇನಮ್ಮ’ ಅಂತಾರೆ. ಅಳೋಕೂ ಒಂದು ದಿನ ಬೇಡವಾ ಅತ್ತೆ? ಒಂದೇ ಒಂದು ದಿನ?”

ಅತ್ತೆ ತಟ್ಟೆ ಸರಿಸಿ ಎದ್ದರು. ಆ ಹೊತ್ತಿನ ಗಂಜಿಯನ್ನು ಯಾರೂ ಪೂರ್ತಿ ಉಣ್ಣಲಿಲ್ಲ. ಸಿಗಡಿ ಮಾತ್ರ ತನ್ನದನ್ನು ಮುಗಿಸಿ, ಅಜ್ಜಿಯ ತಟ್ಟೆಯ ಮೀನಿನ ತುಂಡನ್ನೂ ಎತ್ತಿಕೊಂಡಳು.

ಅದಾಗಿ ಅತ್ತೆ ಸೊಸೆ ಮಾತು ಬಿಟ್ಟರು. ಮಾತು ಬಿಟ್ಟರೂ ಕೆಲಸ ಬಿಡಲಾಗುತ್ತದೆಯೇ? “ಒಲೆ ಆರಿದೆ ಅಂತ ನಿಮ್ಮಮ್ಮನಿಗೆ ಹೇಳು.” “ಸೌದೆ ಒದ್ದೆ ಇದೆ ಅಂತ ನಿಮ್ಮಜ್ಜಿಗೆ ಹೇಳು.” ಹೇಳಿ ಹೇಳಿ ಸಿಗಡಿಗೆ ಸುಸ್ತಾಗಿ, ಒಂದು ದಿನ ಅಡಿಗೆಮನೆಯ ನಡುವೆ ನಿಂತು, “ಇಬ್ಬರಿಗೂ ಕಿವಿ ಇದೆ ಅಂತ ಇಬ್ಬರಿಗೂ ಹೇಳ್ತಾ ಇದ್ದೀನಿ,” ಎಂದು ಹೊರಗೆ ಓಡಿದಳು.

ಎಪ್ಪತ್ತೇಳು ಮನೆ ಮುಗಿದ ದಿನ ಮೈದುನನೇ ಕೂತು ಕೂಡಿಸಿದ. ತಮ್ಮ ಮನೆಯ ಆರು ಸೇರಿ ಇನ್ನೂರ ಐವತ್ತೊಂದು ಬಂತು. ಮತ್ತೆ ಕೂಡಿಸಿದ. ಅಷ್ಟೇ ಬಂತು.

“ಅಣ್ಣನ್ನ ಸೇರಿಸಿ?” ಅಂದಳು ಅತ್ತಿಗೆ.

“ಸೇರಿಸಿ.”

“ನಿಜವಾಗಿ ಇರೋರು ಇನ್ನೂರ ಇಪ್ಪತ್ತೆರಡು. ನೀರ ಮೇಲೆ ಇಪ್ಪತ್ತೊಂಬತ್ತು.”

ಜಗುಲಿಯಲ್ಲಿ ಮಾವನ ಸೂಜಿ ನಿಂತಿತು. “ಹೂಳೋಕೆ ಸಿಗದೋರನ್ನ ಎಣಿಸಿ ಹೂಳೆತ್ತಿಸ್ಕೋತಾ ಇದ್ದೀವಲ್ಲಪ್ಪ ನಾವು,” ಅಂದರು. ಆ ಮಾತಿಗೆ ಅವರೇ ಬೆಚ್ಚಿದವರಂತೆ ಮತ್ತೆ ಸೂಜಿ ಹಿಡಿದರು.

ಲೆಕ್ಕ ಹೊರಗೆ ಹೋಗಬಾರದಿತ್ತು. ಮೈದುನನ ಬಾಯಲ್ಲಿ ಏನು ನಿಲ್ಲುತ್ತದೆ? ಸಂಜೆಯೊಳಗೆ ದಕ್ಕೆಯ ಕೊನೆಯ ಕಲ್ಲಿನವರೆಗೂ ಗೊತ್ತಾಯಿತು: ಒಬ್ಬನೇ ಒಬ್ಬ ಹೆಚ್ಚು. ಕೂಡಲೇ ಇಡೀ ಊರಿನ ಕಣ್ಣು ಲಂಗರಜ್ಜನ ಮೇಲೆ ಬಿತ್ತು. ಊರಿಗೆಲ್ಲ ಹಿರಿಯ ಆತ. ಹಾಸಿಗೆ ಹಿಡಿದು ಆರು ತಿಂಗಳು. ಒಮ್ಮೆ ಕೂತಲ್ಲಿಂದ ಏಳದವನೆಂದು ವಯಸ್ಸಿನಲ್ಲೇ ಆ ಹೆಸರು ಬಿದ್ದಿತ್ತು. ಗಣತಿ ಮುಗಿಯಲು ಹನ್ನೆರಡು ದಿನ. ಅಷ್ಟು ದಿನ ಅವನು ಉಸಿರಾಡಿದರೆ ಸಾಕು.

ಆರು ತಿಂಗಳಿಂದ ಇಣುಕಿ ನೋಡದವರೆಲ್ಲ ಅಜ್ಜನ ಮನೆಗೆ ಪಾತ್ರೆ ಹಿಡಿದು ಹೋದರು. ಒಬ್ಬರು ಹಾಲು, ಒಬ್ಬರು ಮೊಟ್ಟೆ, ಒಬ್ಬರು ಏಡಿ ಬೇಯಿಸಿದ ನೀರು. ಸಂಘದ ಅಧ್ಯಕ್ಷ ತಾನೇ ಪಟ್ಟಣದಿಂದ ಡಾಕ್ಟರನ್ನು ಕರೆತಂದ. ಸೊಸೆ ಅಜ್ಜನನ್ನು ನೋಡಲು ಹೋದಾಗ ಆತ ಗೋಡೆಗೆ ಒರಗಿ ಕೂತಿದ್ದ.

“ಏನು ತಕ್ಕಡಿ, ಊರಿಗೆ ಇದ್ದಕ್ಕಿದ್ದ ಹಾಗೆ ನನ್ನ ಮೇಲೆ ಯಾಕಿಷ್ಟು ಪ್ರೀತಿ? ನನ್ನ ಹೆಸರಲ್ಲಿ ಏನಾದ್ರೂ ಆಸ್ತಿ ಸಿಕ್ಕಿದೆಯಾ?”

“ಇಲ್ಲ ಅಜ್ಜ. ಗಣತಿ ಮುಗಿಯೋ ತನಕ ನೀವು ಇರಬೇಕಂತೆ.”

ಅಜ್ಜ ಬಹಳ ಹೊತ್ತು ನಕ್ಕ. “ಆಮೇಲೆ ಸಾಯೋಕೆ ಯಾರ ಅಪ್ಪಣೆನೂ ಬೇಡ ತಾನೆ?”

ಅಪ್ಪಣೆಗೆ ಆತ ಕಾಯಲಿಲ್ಲ. ಗಣತಿ ಮುಗಿಯಲು ನಾಲ್ಕು ದಿನ ಇದೆಯೆನ್ನುವಾಗ, ಒಂದು ಬೆಳಿಗ್ಗೆ, ಯಾರೋ ತಂದ ಹಾಲು ಪಕ್ಕದಲ್ಲಿ ಆರುತ್ತಿದ್ದಂತೆಯೇ ಹೋಗಿಬಿಟ್ಟ. ಊರೇ ಸೇರಿ ಹೂಳಿತು. ಸೊಸೆ ಅವನ ಹಾಳೆಗೆ ಅಡ್ಡಗೆರೆ ಎಳೆದಳು. ಇನ್ನೂರ ಐವತ್ತು. ಇನ್ನು ಒಬ್ಬ ಕಡಿಮೆಯಾಗುವಂತಿರಲಿಲ್ಲ, ಮತ್ತು ಬರೆಯದೆ ಉಳಿದದ್ದು ಒಂದೇ ಮನೆ.

ಮರುದಿನ ಮಧ್ಯಾಹ್ನ ಅಧ್ಯಕ್ಷ ನಾಲ್ಕು ಜನರನ್ನು ಕಟ್ಟಿಕೊಂಡು ಬಂದ. ಒಣಮೀನಿನ ಅಕ್ಕನೂ ಜೊತೆಗಿದ್ದಳು. ಅತ್ತೆ ಜಗುಲಿಯಲ್ಲಿ ಸಣ್ಣ ಮೀನು ಆರಿಸುತ್ತಿದ್ದರು. ಅಧ್ಯಕ್ಷ ಕೂತವನೇ ಸೊಸೆಯ ಕಡೆ ತಿರುಗಿದ.

“ನೋಡಮ್ಮ ತಕ್ಕಡಿ, ನೀನು ಪಟ್ಟಣಕ್ಕೆ ಹೋಗೋ ವಿಚಾರ ನಮಗೂ ಗೊತ್ತು. ತಪ್ಪು ಅನ್ನಲ್ಲ. ಆದ್ರೆ ಈ ಸಲ ಗಂಡನನ್ನ ಮುಟ್ಟಬೇಡ. ಅವನೊಬ್ಬ ಇದ್ದರೆ ಸಾಕು, ಯಂತ್ರ ಬರುತ್ತೆ.”

“ಹಿರಿಯರು ಹೇಳಿದ್ದನ್ನ ಬರೀತೀನಿ. ಅದಕ್ಕಿಂತ ಹೆಚ್ಚೂ ಇಲ್ಲ, ಕಡಿಮೆನೂ ಇಲ್ಲ,” ಅಂದಳು ಸೊಸೆ.

“ಹಾಗಾದ್ರೆ ಮುಗೀತಲ್ಲ!” ಅಧ್ಯಕ್ಷ ತೊಡೆ ತಟ್ಟಿದ. “ಅಮ್ಮ ಬಿಟ್ಟುಕೊಡ್ತಾರಾ? ಮೂರು ವರ್ಷದಿಂದ ಮಗನನ್ನ ನೀರ ಮೇಲೆ ಇಟ್ಟುಕೊಂಡೋರು. ಇನ್ನೊಂದು ಹತ್ತು ವರ್ಷ ಇಟ್ಕೊಳ್ಳಿ ಅಮ್ಮ, ಊರಿಗೇ ಉಪಕಾರ.”

ಅತ್ತೆ ಮೀನು ಆರಿಸುವುದನ್ನು ನಿಲ್ಲಿಸಲಿಲ್ಲ. ದೊಡ್ಡದು ಒಂದು ಕಡೆ, ಚಿಕ್ಕದು ಒಂದು ಕಡೆ.

“ಉಪಕಾರ,” ಅಂದರು. “ಊರು ಉಪಕಾರ ಅರಿಯದು, ಹೆಣ ಶೃಂಗಾರ ಅರಿಯದು. ನನ್ನ ಮಗನನ್ನ ಎಷ್ಟು ದಿನ ಹುಡುಕಿದ್ರಪ್ಪ ನೀವು?”

“ಅದೀಗ ಯಾಕಮ್ಮ?”

“ಎಷ್ಟು ದಿನ?”

“ಎರಡು.”

“ಮೂರನೇ ದಿನ ಏನಾಯ್ತು?”

ಒಣಮೀನಿನ ಅಕ್ಕ ಸೆರಗಿನ ತುದಿ ಹಿಡಿದುಕೊಂಡಳು.

“ನಾನೇ ಹೇಳ್ತೀನಿ. ಮೂರನೇ ದಿನ ಬಂಗಡೆ ಬಂತು. ದಡದ ಹತ್ತಿರಕ್ಕೇ ಬಂತು, ನೀರೆಲ್ಲ ಬೆಳ್ಳಗೆ ಮಿಂಚೋ ಹಾಗೆ. ನಾಲ್ಕು ದೋಣಿನೂ ಬಲೆ ತುಂಬಿಕೊಂಡು ಬಂದವು. ಇವಳು ತಕ್ಕಡಿ ಮುಂದೆ ನಿಂತು ತೂಗಿದಳು. ಗಂಡನನ್ನ ಹುಡುಕೋಕೆ ಹೋದ ದೋಣಿಯ ಮೀನು ತೂಗಿದಳು! ನಾನು ಒಂದು ಮಾತು ಅನ್ನಲಿಲ್ಲ. ಹೊಟ್ಟೆಪಾಡು, ಏನು ಮಾಡ್ತೀರಿ. ಆಮೇಲೆ ಈ ಮೂರು ವರ್ಷ, ಈ ಬಾಗಿಲಿಗೆ ಬಂದು ‘ಹೇಗಿದ್ದೀಯಮ್ಮ’ ಅಂತ ಯಾರು ಕೇಳಿದ್ರಿ? ಈಗ ಲೆಕ್ಕಕ್ಕೆ ಒಂದು ತಲೆ ಬೇಕು ಅಂದ ತಕ್ಷಣ ನನ್ನ ಮಗ ನೆನಪಾದನಾ?”

“ತಪ್ಪು ತಿಳ್ಕೊಬೇಡಿ ಅಮ್ಮ...”

“ಏಳಿ. ಮೀನು ಹಾಳಾಗುತ್ತೆ, ಬಿಸಿಲು ಬಂತು.”

ಅವರು ಎದ್ದು ಹೋದರು. ಅಕ್ಕ ಮಾತ್ರ ಬಾಗಿಲಲ್ಲಿ ಒಂದು ಗಳಿಗೆ ನಿಂತು, ಅತ್ತೆಯ ಕಡೆ ಒಮ್ಮೆ ನೋಡಿ ಹೋದಳು.

ಅತ್ತೆ ಏನು ನಿರ್ಧರಿಸಿದರೋ ಯಾರಿಗೂ ತಿಳಿಯಲಿಲ್ಲ. ಮಾರನೆಯ ದಿನ ಅಳಿವೆಯಲ್ಲಿ ಮೈದುನನ ದೋಣಿ ಹೂಳಿಗೆ ಸಿಕ್ಕಿಕೊಂಡಿತು. ಹೊರಗಿಂದ ಮೀನು ತುಂಬಿಕೊಂಡು ಬಂದವನು ಉಬ್ಬರ ಬರುವವರೆಗೆ ಬಿಸಿಲಲ್ಲಿ ಆರು ಗಂಟೆ ಕೂರಬೇಕಾಯಿತು. ಮಂಜುಗಡ್ಡೆ ಕರಗಿತು, ಮೀನು ಮೆತ್ತಗಾಯಿತು. ದಕ್ಕೆಯಲ್ಲಿ ಕೊಳ್ಳುವವರು ಮೂಸಿ ನೋಡಿ ಮುಖ ತಿರುಗಿಸಿದರು. ಅತ್ತಿಗೆ ತೂಗಲಿಲ್ಲ, ತೂಗಲು ಏನಿತ್ತು? ಇಬ್ಬರೂ ಸೇರಿ ಬುಟ್ಟಿ ಬುಟ್ಟಿಯಾಗಿ ಮತ್ತೆ ನೀರಿಗೇ ಸುರಿದರು.

ಮನೆಗೆ ಬಂದವನು ಕೈಕಾಲು ತೊಳೆಯದೆ ಅಮ್ಮನ ಮುಂದೆ ಕುಕ್ಕರಿಸಿದ.

“ಅಮ್ಮ, ನಾಡಿದ್ದು ಹಾಳೆ ಕೊಡಬೇಕು. ನಿನ್ನ ಕಾಲು ಹಿಡೀತೀನಿ. ಆರು ಅಂತ ಹೇಳಿಬಿಡು. ಇಷ್ಟು ದಿನ ಹೇಳಿದ್ದೀಯಲ್ಲ, ಅದನ್ನೇ ಹೇಳು.”

ಅತ್ತೆ ಅವನ ಬೆನ್ನಿನ ಉಪ್ಪು ಕಟ್ಟಿದ ಅಂಗಿ ನೋಡುತ್ತಿದ್ದರು. “ಊಟ ಮಾಡು.”

“ಇಲ್ಲದವನ ಬಗ್ಗೆ ಸಾಕಮ್ಮ. ಇದ್ದವನ ಬಗ್ಗೆ ಯೋಚನೆ ಮಾಡು.”

“ಇಲ್ಲದವನು ಅಂದೆಯಾ?”

ಅವನು ಬಾಯಿಯ ಮೇಲೆ ಕೈ ಇಟ್ಟುಕೊಂಡ. ಆ ಮನೆಯಲ್ಲಿ ಅಂಥ ಮಾತು ಅದೇ ಮೊದಲು. ಮಾವ ಬಲೆ ಮಡಚಿಟ್ಟು, ಹೊತ್ತು ಮುಳುಗುವ ಮೊದಲೇ ಗೋಡೆಯ ಕಡೆ ಮುಖ ಮಾಡಿ ಮಲಗಿದರು.

ಕೊನೆಯ ದಿನ ಬೆಳಿಗ್ಗೆ ಹತ್ತಕ್ಕೆ ಗುಮಾಸ್ತ ಬರುವವನಿದ್ದ. ಸೊಸೆ ಎಂಟಕ್ಕೇ ದಕ್ಕೆಯಿಂದ ಬಂದಳು. ಕಳೆದ ಎರಡು ದಿನ ಅವಳ ಕಣ್ಣ ಮುಂದೆ ಮೈದುನ ನೀರಿಗೆ ಸುರಿದ ಮೀನೇ ಇತ್ತು. ಇಪ್ಪತ್ತೆಂಟು ಗೀಟು ಹಾಕಿದವಳು ಇನ್ನೊಂದು ಹಾಕಿದರೆ ಮುಗಿಯಿತು. ಶೈತ್ಯಾಗಾರದ ಕೋಣೆ ಬೇರೆ ಯಾರಿಗಾದರೂ ಆಗಲಿ. ಸಿಗಡಿಯನ್ನು ದಿನಾ ಬಸ್ಸಿಗೆ ಹತ್ತಿಸಿದರಾಯಿತು, ಸಹಿಗೆ ಮೇಷ್ಟರ ಕಾಲಿಗೆ ಬಿದ್ದರಾಯಿತು. ದಣಿದವರಿಗೆ ಸೋಲೂ ಒಂದು ಹಾಸಿಗೆಯಂತೆ ಕಾಣುತ್ತದೆ. ಅವಳು ಹಾಳೆ ತೆಗೆದು ಅತ್ತೆಯ ಮುಂದೆ ನೆಲದ ಮೇಲೆ ಹಾಸಿದಳು. ಎರಡು ವಾರದ ನಂತರ ನೇರವಾಗಿ ಅವರನ್ನೇ ನೋಡಿ ಮಾತಾಡಿದಳು.

“ಅತ್ತೆ, ಆರು ಅಂತಲೇ ಬರ್ದಿದ್ದೀನಿ. ಸಹಿ ಹಾಕಿ.”

ಅತ್ತೆ ಒಲೆಯ ಮುಂದಿನಿಂದ ಎದ್ದು ಬಂದು ಹಾಳೆ ನೋಡಿದರು. ಓದು ಬಾರದಿದ್ದರೂ ಅಂಕಿ ಗೊತ್ತಿತ್ತು.

“ಪೆನ್ಸಿಲ್ಲಲ್ಲಿ ಬರ್ದಿದ್ದೀಯಾ?”

“ಹ್ಞೂಂ.”

“ಅಳಿಸು.”

ಬಾಗಿಲಲ್ಲಿ ಹಗ್ಗ ಸುತ್ತುತ್ತಿದ್ದ ಮೈದುನ ತಟ್ಟನೆ ನಿಂತ. “ಅಮ್ಮಾ.”

“ನೀನು ಸುಮ್ಮನಿರು. ಅಳಿಸೇ. ಐದು ಅಂತ ಬರಿ.”

“ಅತ್ತೆ, ನಾನು ಹೋಗಲ್ಲ. ನಿಜವಾಗ್ಲೂ. ಇಲ್ಲೇ ಇರ್ತೀನಿ, ಆರೇ ಇರಲಿ ಬಿಡಿ.”

“ನಿನಗೋಸ್ಕರ ಅಂತ ಯಾರು ಹೇಳಿದ್ರು?” ಅತ್ತೆ ಕೂತರು. ಮಂಡಿಯ ಮೇಲೆ ಕೈ ಊರಿ, ನಿಧಾನವಾಗಿ, ಹೊರೆ ಇಳಿಸುವವರ ಹಾಗೆ. “ಇಷ್ಟು ದಿನ ಅವನನ್ನ ನನಗೋಸ್ಕರ ಇಟ್ಕೊಂಡಿದ್ದೆ. ಅಧ್ಯಕ್ಷನಿಗೋಸ್ಕರ ನನ್ನ ಮಗ ಬದುಕಿರೋದು ಬೇಡ.”

“ಹಾಗಾದ್ರೆ ನಾನು?” ಮೈದುನನ ದನಿ ಒಡೆಯಿತು. “ನಾನೇನು ಮಾಡ್ಲಿ? ದೋಣಿ ಒಡೆದು ಒಲೆಗೆ ಹಾಕ್ಲಾ?”

“ಗೊತ್ತಿಲ್ಲ ಕಣೋ,” ಅಂದರು ಅತ್ತೆ. “ನನಗೆ ಗೊತ್ತಿದ್ರೆ ಹೇಳ್ತಿದ್ನಲ್ಲ. ಉಬ್ಬರ ನೋಡ್ಕೊಂಡು ಹೋಗು, ಆಗೋ ತನಕ. ಆಗದಿದ್ದ ದಿನ ನೀನೂ ಬಸ್ಸು ಹತ್ತು. ಅಣ್ಣನ ತಲೆ ಮೇಲೆ ಕಾಲಿಟ್ಟುಕೊಂಡು ಮಾತ್ರ ಹೋಗಬೇಡ.”

ಅವನು ಹಗ್ಗವನ್ನು ಅಲ್ಲೇ ಎಸೆದು ಅಂಗಳಕ್ಕೆ ಇಳಿದ. ಆದರೆ ಹೋಗಲಿಲ್ಲ, ಮೆಟ್ಟಿಲ ಕೆಳಗೆ ಬೆನ್ನು ತಿರುಗಿಸಿ ನಿಂತ. ಮಾವ ಒಳಗಿನಿಂದ ಬಂದು ಹೆಂಡತಿಯ ಪಕ್ಕ ಕೂತರು. ಜನ್ಮದಲ್ಲಿ ಯಾವುದಕ್ಕೂ ಹೌದು ಅನ್ನದ ಮನುಷ್ಯ, “ಬರಿಯಮ್ಮ,” ಅಂದರು.

ಸೊಸೆ ಅಳಿಸಿದಳು. ಐದು ಎಂದು ಬರೆದಳು, ಈ ಸಲ ಶಾಯಿಯಲ್ಲಿ. ಅತ್ತೆ ಹೆಬ್ಬೆಟ್ಟು ಒತ್ತಿದರು. ಆಮೇಲೆ ಅವಳು ಇತಿಹಾಸದ ಹತ್ತು ಗೆರೆ ಇದ್ದ ಹಾಳೆ ತೆಗೆದು, ಚೌಕದೊಳಗೆ ಅಂಕಿಯಲ್ಲೂ ಅಕ್ಷರದಲ್ಲೂ ಇನ್ನೂರ ನಲವತ್ತೊಂಬತ್ತು ಎಂದು ಬರೆದಳು. ಇನ್ನು ಉಳಿದದ್ದು ಮನೆಯ ಹಾಳೆಯ ಹಿಂಬದಿ. ಮೃತರ ವಿವರ ಅಲ್ಲಿ ಬರೆಯಬೇಕು. ಗಂಡನ ಹೆಸರು, ವಯಸ್ಸು, ಕೆಲಸ ಎಲ್ಲ ಬರೆದು ಒಂದು ಕಡೆ ಪೆನ್ನು ನಿಲ್ಲಿಸಿದಳು.

“ಏನು?” ಅಂದರು ಅತ್ತೆ.

“ತಾರೀಕು ಕೇಳ್ತಾರೆ ಅತ್ತೆ. ಯಾವತ್ತು ಅಂತ. ದೋಣಿ ಹೋಗಿದ್ದ ದಿನ ಬರೀಲಾ? ದೋಣಿ ಸಿಕ್ಕಿದ ದಿನವಾ?”

ಒಲೆಯ ಮೇಲೆ ಗಂಜಿ ಕುದಿದು ಮುಚ್ಚಳ ತಟ್ಟುತ್ತಿತ್ತು. ಯಾರೂ ಏಳಲಿಲ್ಲ.

“ಇವತ್ತು ಬರಿ,” ಅಂದರು ಅತ್ತೆ.

“ಅತ್ತೆ?”

“ಇವತ್ತಿನ ತಾರೀಕು ಹಾಕು. ನಾನು ಹೇಳಿದ್ದು ಇವತ್ತು ತಾನೆ?”

ಸೊಸೆ ಬರೆದಳು. ಬರೆಯುತ್ತಿದ್ದಂತೆ ಅಕ್ಷರ ಕಾಣದೆ ಹೋಯಿತು. ಅತ್ತೆ ಅವಳ ಕೈಯಿಂದ ಹಾಳೆ ತೆಗೆದು, ಒದ್ದೆಯಾಗದಂತೆ ಪಕ್ಕಕ್ಕಿಟ್ಟು, ಅವಳ ತಲೆಯನ್ನು ತಮ್ಮ ಭುಜಕ್ಕೆ ಒತ್ತಿಕೊಂಡರು.

ಶಾಲೆಗೆ ಜಡೆ ಹಾಕಿಸಿಕೊಳ್ಳಲು ಬಾಚಣಿಗೆ ಹಿಡಿದು ನಿಂತಿದ್ದ ಸಿಗಡಿ ಒಬ್ಬೊಬ್ಬರ ಮುಖವನ್ನೇ ನೋಡಿದಳು.

“ಅಜ್ಜಿ, ಹಾಗಾದ್ರೆ ಅಪ್ಪ ನಿನ್ನೆ ತನಕ ಇದ್ರಾ?”

“ಇದ್ದ ಕಣೇ,” ಅಂದರು ಅತ್ತೆ. “ನಿನ್ನೆ ತನಕ ಇದ್ದ.”